ಮುಂಡರಗಿಯ ಹಲ್ಲು

"ಆ ಬಾಟ್ಲಿ ಮುಚ್ಚಳಾ ಯಾರ್ರೀ ತೆಗದವ್ರು?"

ಬೆಟಗೇರಿಯ ಆ ಪ್ರಯೋಗಾಲಯದಲ್ಲಿ ಅಲ್ಲಿಯವರೆಗೆ ಸದ್ದು ಮಾಡುತ್ತಿದ್ದದ್ದು ಹಳೆಯ ಫ್ರಿಜ್ ಒಂದೇ. ಈ ಕೂಗಿಗೆ ಅದೂ ಗಪ್ಪಾಯಿತು. ಅದೇ ಹೊತ್ತಿಗೆ ಕರೆಂಟ್ ಹೋಗಿತ್ತು ಅನ್ನುವವರಿದ್ದಾರೆ. ಅನ್ನಲಿ.

ಬಾಗಿಲಲ್ಲಿ ನಿಂತಿದ್ದ ಎತ್ತರದ ಯುವಕ ಬೆಚ್ಚಿಬಿದ್ದ. ಅವನ ಹುಬ್ಬಿನ ಮೇಲೆ ಲಕ್ಷ್ಮೇಶ್ವರದಿಂದ ಗದಗಿನವರೆಗಿನ ಅಷ್ಟೂ ರಸ್ತೆಯ ಧೂಳಿತ್ತು. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಹೆಬ್ಬೆರಳಿನಷ್ಟು ಬಾಟಲಿ, ಬಾಟಲಿಯೊಳಗೆ ನೂಲಿನಂಥ ಒಂದು ಕಾಗದದ ಕಡ್ಡಿ.

"ನಾನ ತೆಗದೇನ್ರಿ... ಕಡ್ಡಿ ಒಳಗ ಸರಿ ಐತಿಲ್ಲೋ ನೋಡೂಣಂತ."

"ನೋಡಿದ್ರೆಲ್ಲಾ? ಸತ್ತು!"

"ಯಾರ್ ಸತ್ರೀ?"

"ಕ್ರಿಮಿ! ಹಲ್ಲಿನ ಬೇರಿನ್ಯಾಗ ಇರೂವು! ಅವಕ್ಕ ಗಾಳಿ ಸೋಕಬಾರದ್ರಿ. ಸೋಕಿದ್ರ ಸಾಯ್ತಾವ."

ಯುವಕ ಬಾಟಲಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಮೇಡಂ, ನಾ ಹಲ್ಲಿನ ಡಾಕ್ಟರ್. ಕ್ರಿಮಿ ಸತ್ರ ನಾವು ಪೇಢೇ ಹಂಚತೀವ್ರಿ. ನೀವು ಸೂತಕ ಹಿಡದವ್ರ ಗತೆ ನಿಂತೀರಲ್ಲ!"

ವಾಣಿಶ್ರೀಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನು ನಕ್ಕ... ಎರಡೂ ಗಲ್ಲ ತುಂಬಿ ನಕ್ಕ. ನೆತ್ತಿಗೇರಿದ ಸಿಟ್ಟು ಅಲ್ಲಿಂದ ಕೆಳಗಿಳಿಯುವ ದಾರಿ ಮರೆತು, ಕೆನ್ನೆಯ ಹತ್ತಿರ ಕೆಂಪಾಗಿ ನಿಂತುಬಿಟ್ಟಿತು.

'ಛೀ! ಏನ್ ನಗತಾನ ಮಾರಾಯ...'

ಗದಗಿನ ಗಾಳಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಹಿಂದೊಮ್ಮೆ ಕಳಸಾಪುರದ ಹಿರಿಯರೊಬ್ಬರ ರುಮಾಲು ಹಾರಿಹೋಗಿ ಹರ್ತಿಯಲ್ಲಿ ಬೇರೊಬ್ಬರ ತಲೆಯ ಮೇಲೆ ಕೂತಿತು. ಆ ತಲೆ ಮುಂದೆ ಪಂಚಾಯಿತಿ ಚುನಾವಣೆ ಗೆದ್ದಿತು. ಅಂಥ ಗಾಳಿಯಲ್ಲಿ ಈ ಮನುಷ್ಯ ಮುಚ್ಚಳ ತೆಗೆದು ಇಣುಕಿದ್ದ!

ಅವನ ಹೆಸರು ಭೀಮೇಶ. ಯಳವತ್ತಿಯವನು. ಲಕ್ಷ್ಮೇಶ್ವರದಲ್ಲಿ ಹಲ್ಲಿನ ದವಾಖಾನೆ ಇಟ್ಟಿದ್ದ, ವಾರಕ್ಕೊಮ್ಮೆ ಶಿರಹಟ್ಟಿಯಲ್ಲೂ ಕೂರುತ್ತಿದ್ದ.

ವಾಣಿಶ್ರೀ ಪಿಎಚ್.ಡಿ. ಮಾಡುತ್ತಿದ್ದಳು. ಹಲ್ಲಿನ ಬೇರಿನಲ್ಲಿ ಕೀವು ಮಾಡುವ ಕ್ರಿಮಿಗಳನ್ನು ಕಾಗದದ ಕಡ್ಡಿಯಲ್ಲಿ ತರಿಸಿ, ಕುರಿಯ ರಕ್ತ ಬೆರೆಸಿದ ಕೆಂಪು ತಟ್ಟೆಯ ಮೇಲೆ ಸವರಿ, ಗಾಳಿಯಿಲ್ಲದ ಜಾರಿನಲ್ಲಿಟ್ಟು ಬೆಳೆಸುವುದು. ನಡುವೆ ಆಂಟಿಬಯೋಟಿಕ್ ಔಷಧದ ಪುಟ್ಟ ಪುಟ್ಟ ಬಿಲ್ಲೆಗಳನ್ನಿಡುವುದು. ಯಾವ ಬಿಲ್ಲೆಯ ಸುತ್ತ ಕ್ರಿಮಿ ಸತ್ತು ಬಯಲಾಗುತ್ತದೆ, ಯಾವುದಕ್ಕೆ ಜಗ್ಗದೆ ಬೆಳೆಯುತ್ತದೆ ಅಂತ ಅಳೆಯುವುದು. ಇಷ್ಟೇ ಅವಳ ಕೆಲಸ. ಭೀಮೇಶ ತನ್ನ ರೋಗಿಗಳ ಸ್ಯಾಂಪಲ್ ತಂದುಕೊಡಬೇಕು ಅಂತ ಅವಳ ಗೈಡ್ ಸರ್ ಒಪ್ಪಂದ ಮಾಡಿದ್ದರು.

ವಾಣಿಶ್ರೀ ಅಂದೇ ಒಂದು ನಿಯಮ ಹಾಕಿದಳು.

"ಬಾಟ್ಲಿ ಮ್ಯಾಲೆ ಪೇಶಂಟ್ ಹೆಸರು ಬರೀಬಾರ್ದು. ಊರಿನ ಮೊದಲ ಅಕ್ಷರ, ಒಂದು ನಂಬರು. ಅಷ್ಟ. ಯಾರ ಹಲ್ಲು ಅಂತ ನನಗ ಗೊತ್ತಾಗಬಾರ್ದು."

"ಗೊತ್ತಾದ್ರ ಏನಾಕ್ಕೈತ್ರಿ?"

"ಮನಸ್ಸು ಆ ಕಡೆ ಈ ಕಡೆ ಎಳೀತೈತಿ. ವಿಜ್ಞಾನದಾಗ ಮನಸ್ಸು ಎಳೀಬಾರ್ದು."

ಆಹಾ! ಎಷ್ಟು ಚಂದದ ಮಾತು.

*

ಸ್ಯಾಂಪಲ್ ಸಿಗುವುದು ಸುಲಭವಿರಲಿಲ್ಲ.

ನಮ್ಮ ಕಡೆ ಹಲ್ಲುನೋವಿಗೆ ಡಾಕ್ಟರು ಕೊನೆಯವರು. ಮೊದಲು ಲವಂಗ. ಆಮೇಲೆ ಬಾಜೂ ಮನೆಯವರ ಸಲಹೆ. ಆಮೇಲೆ ಮೆಡಿಕಲ್ ಅಂಗಡಿಗೆ ಹೋಗಿ ಗಲ್ಲ ತೋರಿಸಿದರೆ ಸಾಕು, ಎರಡು ಗುಳಿಗೆ ಕತ್ತರಿಸಿ ಕೊಡುತ್ತಾರೆ. ಗುಳಿಗೆ ನುಂಗಿದವರ ಕ್ರಿಮಿ ಪರೀಕ್ಷೆಗೆ ಬರುವುದಿಲ್ಲ. ಅರ್ಧ ಸತ್ತಿರುತ್ತವೆ, ಉಳಿದರ್ಧ ಮೊಂಡು ಬಿದ್ದಿರುತ್ತವೆ. ಶಿರಹಟ್ಟಿಯ ಅಜ್ಜನೊಬ್ಬ ಎಮ್ಮೆಗೆ ತಂದು ಉಳಿದ ಗುಳಿಗೆಯನ್ನೂ ನುಂಗಿ ಬಂದಿದ್ದ. ಅವನ ಹಲ್ಲುನೋವು ಹೋಗಲಿಲ್ಲ. ಹಾಲು ಮಾತ್ರ ಹೆಚ್ಚಾಯಿತು... ಎಮ್ಮೆಯದು.

ಹತ್ತು ರೋಗಿಗಳಲ್ಲಿ ಒಬ್ಬರು ಗುಳಿಗೆ ಮುಟ್ಟದವರು ಸಿಕ್ಕರೆ ಭೀಮೇಶ ಬೈಕ್ ಹತ್ತಿ ಬೆಟಗೇರಿಗೆ ಓಡಿ ಬರುತ್ತಿದ್ದ. ಬಾಟಲಿ ಒಂದು ಕಿಸೆಯಲ್ಲಿ, ಬಿಸಿ ಬದನೆಕಾಯಿ ಭಜಿಯ ಪೊಟ್ಟಣ ಇನ್ನೊಂದರಲ್ಲಿ. ಇಬ್ಬರೂ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು.

"ಮೇಡಂ, ನಿಮ್ಮ ಕ್ರಿಮಿ ಆರಾಮ ಅದಾವ್ರಿ?"

"ಅದಾವ್ರಿ. ನಿಮ್ಮನ್ನ ಕೇಳಿದ್ವು."

"ನೀವು?"

"ನಾ ಯಾಕ ಕೇಳ್ಲಿ?"

ಕೇಳುತ್ತಿರಲಿಲ್ಲ. ಆದರೆ ಸ್ಯಾಂಪಲ್ ಬರುವ ದಿನ ಬಿಳಿ ಕೋಟಿನ ಕೆಳಗೆ ಬೆಟಗೇರಿಯ ಹೊಸ ಕೈಮಗ್ಗದ ಸೀರೆ ಬರುತ್ತಿತ್ತು. ಬಾರದ ದಿನ ಹಳೆಯ ಚೂಡಿದಾರ. ಜಾಣರಿಗೆ ಇಷ್ಟು ಸಾಕು. ಭೀಮೇಶ ಅಷ್ಟು ಜಾಣನಿರಲಿಲ್ಲ.

*

ಆಮೇಲೆ ಒಮ್ಮಿಂದೊಮ್ಮೆಲೆ ಅವನು ಬದಲಾದ.

ಭಜಿ ತಂದ, ಆದರೆ ತಿನ್ನಲಿಲ್ಲ. "ನೀವ ತಿನ್ರಿ. ನನಗ್ಯಾಕೋ ಒಲ್ಲದಾಗೈತಿ," ಅಂದ.

ಗಲ್ಲಕ್ಕೆ ಕೈ ಹಚ್ಚಿ ದೂರದ ಗಾಳಿಯಂತ್ರಗಳನ್ನು ನೋಡುತ್ತ ಕೂತ. ನಿಟ್ಟುಸಿರು ಬಿಟ್ಟ. ತಂಪು ನೀರು ಕೊಟ್ಟರೆ ಕಣ್ಣಲ್ಲಿ ನೀರು ತಂದುಕೊಂಡ. ನಿದ್ದೆಗೆಟ್ಟ ಕಣ್ಣು, ಇಳಿದ ಮುಖ. ನಕ್ಕರೂ ಅರ್ಧ ಬಾಯಲ್ಲಿ ನಗು!

ವಾಣಿಶ್ರೀ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದಳು.

ಊಟ ಬೇಡ, ನಿದ್ದೆ ಇಲ್ಲ, ಗಲ್ಲಕ್ಕೆ ಕೈ, ಕಣ್ಣಲ್ಲಿ ನೀರು... ಇದಕ್ಕೆ ಜಗತ್ತಿನಲ್ಲಿ ಒಂದೇ ಕಾರಣ.

'ಇಂವ ಯಾರನ್ನೋ ಪ್ರೀತಿ ಮಾಡಾಕತ್ಯಾನ!'

ಇದಕ್ಕೆ ಇನ್ನೊಂದು ಕಾರಣವೂ ಇರಬಹುದು ಅಂತ ಬಾಯಲ್ಲಿ ಹಲ್ಲಿರುವ ಯಾರಿಗಾದರೂ ಹೊಳೆಯುತ್ತಿತ್ತು. ಅವಳಿಗೆ ಹೊಳೆಯಲಿಲ್ಲ. ಅವಳು ಆ ವಿಷಯದಲ್ಲೇ ಪಿಎಚ್.ಡಿ. ಮಾಡುತ್ತಿದ್ದಳಲ್ಲ!

ಮರುವಾರ ಅವನು ತಂದ ಬಾಟಲಿಯ ಮೇಲೆ 'ಲ' ಇರಲಿಲ್ಲ, 'ಶಿ' ಇರಲಿಲ್ಲ. ಮೊದಲ ಸಲ 'ಮು' ಇತ್ತು.

"ಮುಂಡರಗೀದೇನ್ರಿ?"

"ಹ್ಞೂಂ. ಮೇಡಂ... ಇದನ್ನ ಜ್ವಾಕಿ ನೋಡ್ರಿ. ಭಾಳ ಬೇಕಾದವ್ರ ಹಲ್ಲು."

ಅವನು ಅದನ್ನು ಅಂಗಿಯ ಕಿಸೆಯಿಂದ ತೆಗೆದದ್ದು, ಎರಡೂ ಕೈಯಲ್ಲಿ ಕೊಟ್ಟದ್ದು, ಕೊಡುವಾಗ ಕಣ್ಣು ಕೆಳಗೆ ಹಾಕಿದ್ದು... ಅವಳಿಗೆ ಎಲ್ಲವೂ ಕಂಡಿತು.

"ಯಾರದು?"

"ಹೇಳಬಾರ್ದು ಅಂತ ನಿಯಮಾ ಮಾಡಿದವ್ರು ನೀವ ಅಲ್ರಿ?"

"ಹೆಂಗಸರದೋ, ಗಂಡಸರದೋ ಅಷ್ಟ ಹೇಳ್ರಿ."

"ಮನಸ್ಸು ಎಳೀತೈತ್ರಿ," ಅಂದು ಅರ್ಧ ಬಾಯಲ್ಲಿ ನಕ್ಕು, ಗಲ್ಲ ಹಿಡಿದುಕೊಂಡು ಹೊರಟೇಹೋದ.

ಅವಳು ಹಾಕಿದ ನಿಯಮವೇ ಅವಳ ಬಾಯಿ ಕಟ್ಟಿತು.

*

ಪ್ರಯೋಗಾಲಯದ ಸಹಾಯಕಿ ಮಮತಾ ದಿನಾ ಮುಂಡರಗಿಯಿಂದ ಬಸ್ಸಿಗೆ ಬರುತ್ತಿದ್ದಳು. ಅವಳಿಗಿಂತ ಮೊದಲು ಅವಳು ತರುವ ಖಬರು ಬಸ್ಸಿನಿಂದ ಇಳಿಯುತ್ತಿತ್ತು.

"ವಾಣಿ ಅಕ್ಕಾ, ನಿಮ್ಮ ಡಾಕ್ಟ್ರು ನಿನ್ನಿ ನಮ್ಮೂರಾಗಿದ್ರು."

"ನಮ್ಮ ಡಾಕ್ಟ್ರು ಅಂದ್ರ ಏನ? ಸ್ಯಾಂಪಲ್ ತರೂ ಡಾಕ್ಟ್ರು ಅನ್ನು."

"ಆತಪಾ, ಅವ್ರ. ನಿಶಾತ ಡಾಕ್ಟ್ರ ದವಾಖಾನಿಗೆ ಬಂದಿದ್ರು. ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರಂದ್ರ... ಒಂದ್ ತಾಸ ಹೊರಗ ಬರ್ಲಿಲ್ಲ!"

ವಾಣಿಶ್ರೀ ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಕೆಳಗಿಟ್ಟಳು.

"ನಿಶಾತ ಅಂದ್ರ ಯಾರು?"

"ಅವ್ರೂ ಹಲ್ಲಿನ ಡಾಕ್ಟ್ರ. ಇವ್ರ ಸಂಗಾಟ ಕಲ್ತವ್ರಂತ. ನೋಡಾಕ ಏನ್ ಚೆಂದ ಅದಾರ ಅಂತೀರಿ! ಇವ್ರು ಹೊರಗ ಬರೂಮುಂದ ಆಕಿ ಇವ್ರ ಭುಜಾ ತಟ್ಟಿ, 'ಭೀಮ್ಯಾ, ಮುಂದಿನ ವಾರ ತಪ್ಪಸಬ್ಯಾಡ' ಅಂದ್ಳು. ನನ್ನ ಕಿವಿಲೇ ಕೇಳೇನಿ."

ಭೀಮ್ಯಾ!

ವಾಣಿಶ್ರೀ ಇಷ್ಟು ದಿನ 'ಡಾಕ್ಟ್ರೇ' ಅನ್ನುವುದನ್ನು ದಾಟಿರಲಿಲ್ಲ. ಯಾರೋ ಒಬ್ಬಳು ಎಲ್ಲರ ಎದುರು 'ಭೀಮ್ಯಾ' ಅನ್ನುತ್ತಾಳೆ!

ಆ ಮಧ್ಯಾಹ್ನ ಅವಳು ಊಟ ಬಿಟ್ಟು ಲೆಕ್ಕಾಚಾರಕ್ಕೆ ಕೂತಳು. ಹಲ್ಲಿನ ಡಾಕ್ಟರು ತನ್ನ ಹಲ್ಲನ್ನು ತಾನೇ ಕೊರೆದುಕೊಳ್ಳಲು ಆಗುವುದಿಲ್ಲ. ಆ ನಿಶಾತಳ ಹಲ್ಲು ಕೆಟ್ಟಿದೆ. ಅದಕ್ಕೆ ಇನ್ನೊಬ್ಬ ಡಾಕ್ಟರು ಬೇಕು. ಅದಕ್ಕೇ ಭೀಮೇಶ ಹೋಗುತ್ತಾನೆ. 'ಭಾಳ ಬೇಕಾದವರ ಹಲ್ಲು' ಅಂದರೆ ಅವಳದೇ ಹಲ್ಲು!

ತರ್ಕ ಅಚ್ಚುಕಟ್ಟಾಗಿತ್ತು. ಒಂದು ಕಡೆ ಮಾತ್ರ ತಲೆಕೆಳಗಾಗಿತ್ತು.

ಮೂಲೆಯಲ್ಲಿ ಗಾಳಿ ತೆಗೆದ ಜಾರು ಕೂತಿತ್ತು. ಅದರೊಳಗೆ 'ಮು' ತಟ್ಟೆ. ಇನ್ನೂ ಎರಡು ದಿನ ಅದನ್ನು ತೆಗೆಯುವಂತಿರಲಿಲ್ಲ. ಬೆಟಗೇರಿಯಲ್ಲಿ ಈ ವಿಷಯ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಅವಳು ಜಾರಿನ ಸುತ್ತ ತಿರುಗಿದಳು. ಒಂದು ಸಲ... ಇನ್ನೊಂದು ಸಲ...

'ಅಂಥಾದ್ದೇನೈತಿ ಆ ಸುಂದರಿ ಬಾಯಾಗ? ಮುತ್ತು ಉದುರತಾವೇನು? ನೋಡೇ ಬಿಡ್ತೀನಿ!'

ಕೈ ಮುಂದೆ ಹೋಯಿತು. ಬುದ್ಧಿ ಬೇಡ ಅಂದಿತು. ಹೊಟ್ಟೆಕಿಚ್ಚು ಬುದ್ಧಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿತು.

ಮುಚ್ಚಳ ತೆಗೆದಳು.

ತಟ್ಟೆಯ ಮೇಲೆ ಇನ್ನೂ ಏನೂ ಕಾಣುತ್ತಿರಲಿಲ್ಲ. ಅವಳು ಅದನ್ನು ಬೆಳಕಿಗೆ ಹಿಡಿದು, ವಾಸನೆ ನೋಡಿ, ಮೂತಿ ಸೊಟ್ಟ ಮಾಡಿ, ಮನಸ್ಸಿಗೆ ಬಂದದ್ದೆಲ್ಲ ಬೈದಳು. ಕ್ರಿಮಿಗಳು ಬಾಯಿ ಮುಚ್ಚಿಕೊಂಡು ಬೈಸಿಕೊಂಡವು. ಆಮೇಲೆ ಸತ್ತವು.

ಮತ್ತೆ ಜಾರಿಗೆ ಹಾಕಿ ಮುಚ್ಚಿದಳು. ಎರಡು ದಿನದ ನಂತರ ತೆಗೆದರೆ ತಟ್ಟೆ ಖಾಲಿ ಬಯಲು.

ಸರಿಯಾದ ಮಾತು ಒಂದೇ ಇತ್ತು: 'ನನ್ನಿಂದ ತಪ್ಪಾತು, ಇನ್ನೊಂದು ಸ್ಯಾಂಪಲ್ ಕಳಿಸ್ರಿ.' ಹಾಗೇ ಹೇಳಬೇಕು ಅಂತ ಅವಳು ಫೋನ್ ತೆಗೆದುಕೊಂಡಳು ಕೂಡ. ಅಷ್ಟರಲ್ಲಿ ಭೀಮೇಶನದೇ ಬಂತು.

"ಮೇಡಂ... 'ಮು' ಏನಾತ್ರಿ? ನಿನ್ನಿಯಿಂದ ಜೀವಾ ಕೈಯಾಗ ಹಿಡ್ಕೊಂಡೇನಿ."

ಜೀವ ಕೈಯಲ್ಲಿ! ಯಾರಿಗೋಸ್ಕರ!

ಹೇಳಬೇಕಾದ ಮಾತು ಹಿಂದಕ್ಕೆ ಸರಿಯಿತು, ಹೇಳಬಾರದ ಮಾತು ಮುಂದೆ ಬಂದು ನಿಂತಿತು.

"ಏನೂ ಬೆಳದಿಲ್ಲ. ಬೇರು ಸ್ವಚ್ಛ ಐತಿ."

"ಖರೇನ? ಹಂಗಾರ ಹಲ್ಲು ತುಂಬಿ ಮುಚ್ಚಬಹುದ್ರಿ?"

ಅವಳು ಎದುರಿಗಿದ್ದ ಖಾಲಿ ತಟ್ಟೆಯನ್ನು ಮಗುಚಿಟ್ಟಳು.

"ಮುಚ್ರಿ," ಅಂದಳು.

*

ಆ ವಾರ ಭೀಮೇಶ ಬರಲಿಲ್ಲ. ಫೋನೂ ಇಲ್ಲ.

'ಬರಬ್ಯಾಡ. ಯಾರಿಗೆ ಬೇಕಾಗೈತಿ?' ಅಂದುಕೊಂಡು ಹೊಸ ಸೀರೆ ಉಟ್ಟು ಬಂದು ಬಾಗಿಲು ನೋಡುತ್ತ ಕೂತಳು.

ಬಾಗಿಲಲ್ಲಿ ಬಂದು ನಿಂತದ್ದು ಬೇರೆಯವರು. ತಿಳಿ ಹಸಿರು ದುಪಟ್ಟಾ ತಲೆ ತುಂಬ ಹೊದ್ದ, ಚಂದದ ಹೆಣ್ಣುಮಗಳು.

"ವಾಣಿಶ್ರೀ ಅಂದ್ರ ನೀವೇನ್ರಿ? ನಾ ನಿಶಾತ. ಮುಂಡರಗಿಯಿಂದ ಬಂದೇನಿ."

ವಾಣಿಶ್ರೀಯ ಕಣ್ಣು ನೆಟ್ಟಗೆ ಆಕೆಯ ಬಾಯಿಗೆ ಹೋಯಿತು. ಒಂದೊಂದು ಹಲ್ಲೂ ಹದವಾಗಿ ಜೋಡಿಸಿದ ಮಲ್ಲಿಗೆ ಮೊಗ್ಗು. ಊತವಿಲ್ಲ, ನೋವಿಲ್ಲ.

"ನಿಮ್ಮ... ನಿಮ್ಮ ಹಲ್ಲು ಹೆಂಗೈತ್ರಿ ಈಗ?"

"ನನ್ನ ಹಲ್ಲಿಗೇನಾಗೈತಿ? ಗಟ್ಟಿ ಅದಾವ. ನನ್ನ ಗಂಡ ದಿನಾ ಹೇಳತಾನ, 'ನಿಶಾತ, ನಿನ್ನ ಹಲ್ಲಿನಷ್ಟ ಗಟ್ಟಿ ನಿನ್ನ ರೊಟ್ಟಿ' ಅಂತ!"

ಗಂಡ?

ವಾಣಿಶ್ರೀ ಮೇಜು ಹಿಡಿದುಕೊಂಡಳು.

"ನಾ ಕೇಳಾಕ ಬಂದದ್ದು ಆ 'ಮು' ಸ್ಯಾಂಪಲ್ ವಿಚಾರ," ಅಂದಳು ನಿಶಾತ. ನಗು ನಿಂತಿತ್ತು. "ಏನೂ ಬೆಳದಿಲ್ಲ ಅಂದ್ರೆಲ್ಲ, ನಾ ನಂಬಿ ಹಲ್ಲು ತುಂಬಿ ಸೀಲ್ ಮಾಡಿದೆ. ಈಗ ಒಳಗ ಕೀವು ತುಂಬಿ ಮಾರಿ ಕುಂಬಳಕಾಯಿ ಆಗೈತಿ. ಜ್ವರಾ ಬ್ಯಾರೆ. ಏನೂ ಇಲ್ಲದ ಹಲ್ಲು ಹಿಂಗ್ಯಾಕಾತು?"

"ಯಾರ್... ಯಾರ ಮಾರಿ?"

"ಇನ್ಯಾರದು? ಭೀಮ್ಯಾಂದು! ಅವನದ ಅಲ್ಲೇನು ಆ ಹಲ್ಲು?"

ಪ್ರಯೋಗಾಲಯದ ಗೋಡೆಗಳು ವಾಣಿಶ್ರೀಯ ಸುತ್ತ ಒಂದು ಸುತ್ತು ಬಂದವು.

ನಿಶಾತ ಹೇಳುತ್ತಲೇ ಇದ್ದಳು. "ಲಕ್ಷ್ಮೇಶ್ವರದಾಗ ಬ್ಯಾರೆ ಡಾಕ್ಟ್ರ ಕಡೆ ಬಾಯಿ ತೆರದ್ರ ಊರೆಲ್ಲಾ ನಗತೈತಿ. ಹಲ್ಲಿನ ಡಾಕ್ಟ್ರ ಹಲ್ಲ ಕೆಟ್ಟೈತಿ ಅಂತ! ಅದಕ್ಕ ಕಳ್ಳನಂಗ ನನ್ನ ಕಡೆ ಬಂದು ಬಾಗಲಾ ಹಾಕಸ್ತಾನ. ಮತ್ತ ಸೂಜಿ ಕಂಡ್ರ ಮಗು ಗತೆ ಒದರತಾನ್ರಿ, ಅದೂ ಹೊರಗ ಕೇಳಬಾರದಲ್ಲ! ಮೊದಲ ದಿನಾನ ಗುಳಿಗಿ ತಗೋ ಅಂದೆ. 'ಇಲ್ಲ, ವಾಣಿಯವ್ರಿಗೆ ಗುಳಿಗಿ ಮುಟ್ಟದ ಸ್ಯಾಂಪಲ್ ಸಿಗವಲ್ಲವು. ನಂದಾದ್ರೂ ಕೊಡತೇನಿ' ಅಂತ ಹಗಲೂ ರಾತ್ರಿ ನೋವು ತಿಂದು ಕುಂತಾನ. ಎಂಥಾ ಹುಚ್ಚ!"

'ಭಾಳ ಬೇಕಾದವ್ರ ಹಲ್ಲು...' ಗಲ್ಲಕ್ಕೆ ಕೈ. ಅರ್ಧ ಬಾಯಿ ನಗು. ಕಣ್ಣಲ್ಲಿ ನೀರು.

ಪ್ರೀತಿಯ ಲಕ್ಷಣ ಅಂತ ಅವಳು ತಿಳಿದದ್ದು ಹಲ್ಲುನೋವು. ಹಲ್ಲುನೋವು ಅಂತ ಈಗ ತಿಳಿದದ್ದು...

ವಾಣಿಶ್ರೀಯ ಕಣ್ಣು ತುಂಬಿ ಬಂತು. ಸುಳ್ಳು ಹೇಳುವ ದಾರಿ ಇನ್ನೂ ತೆರೆದಿತ್ತು. ಸ್ಯಾಂಪಲ್ ದಾರಿಯಲ್ಲೇ ಕೆಟ್ಟಿತ್ತು ಅಂದರೆ ಯಾರು ಕೇಳುತ್ತಿದ್ದರು?

"ಜಾರ್ ನಾ ತೆಗದೆ," ಅಂದಳು. "ವ್ಯಾಳ್ಯಾಕ್ಕಿಂತ ಮೊದಲ. ಗೊತ್ತಿದ್ದೂ ತೆಗದೆ. ಅವು ಸತ್ವು. ಆಮ್ಯಾಲೆ ಏನೂ ಬೆಳದಿಲ್ಲ ಅಂತ ಸುಳ್ಳ ಹೇಳಿದೆ."

"ಯಾಕ?"

"ನಿಮ್ಮ ಹಲ್ಲು ಅಂತ ತಿಳದಿದ್ದೆ."

ನಿಶಾತ ಅವಳ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು.

"ನನ್ನ ಹಲ್ಲಾಗಿದ್ರ ಕೆಡಸಬಹುದಿತ್ತೇನು, ತಂಗಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹೊಡೆದಿದ್ದರೂ ಸರಿ. ಈ ಮಾತಿಗೆ ವಾಣಿಶ್ರೀ ಕುಸಿದು ಕೂತಳು.

"ಇಲ್ರೀ... ಯಾರದಾದ್ರೂ ಕೆಡಸಬಾರದಿತ್ತು."

"ಏಳು ಹಂಗಾರ. ಅಳೂದು ಆಮ್ಯಾಲೆ. ಖಾಲಿ ಬಾಟ್ಲಿ ತಗೋ, ಗಾಡಿ ಹತ್ತು."

*

ಮುಂಡರಗಿಯ ದವಾಖಾನೆಯ ಕುರ್ಚಿಯಲ್ಲಿ ಭೀಮೇಶ ಮಲಗಿದ್ದ. ಬಲಗಲ್ಲ ಊದಿ ಕಣ್ಣನ್ನೇ ಮುಚ್ಚಿತ್ತು. ವಾಣಿಶ್ರೀ ಒಳಗೆ ಬಂದದ್ದು ಕಂಡದ್ದೇ ತಡ, ಕುತ್ತಿಗೆಯ ಟವೆಲ್ ಎಳೆದು ಮುಖ ಮುಚ್ಚಿಕೊಂಡ.

"ನಿಶಾತ! ಇವ್ರನ್ನ ಯಾಕ ಕರಕೊಂಡ ಬಂದಿ? ಈ ಮಾರಿ ನೋಡಲೇನು?"

"ಸುಮ್ನ ಬಾಯಿ ತೆಗಿ."

ನಿಶಾತ ಸೂಜಿ ಎತ್ತಿದಳು. ಭೀಮನ ಹೆಸರಿನ ಆ ಆಳು ಕುರ್ಚಿಯ ಕೈ ಹಿಡಿದು ಒದರಿದ್ದನ್ನು ಬಸ್ ನಿಲ್ದಾಣದವರು ಹಾರ್ನ್ ಅಂತ ತಿಳಿದರು. ಒಬ್ಬ ಕಂಡಕ್ಟರ್ ಸೀಟಿ ಊದಿ ಬಸ್ ಬಿಟ್ಟೇಬಿಟ್ಟ.

ಹಲ್ಲು ತೆರೆದು ಕೀವು ಹೊರಬಂತು. ಬಾಯಿ ತುಂಬ ಹತ್ತಿ ತುರುಕಿದ್ದರಿಂದ ಅವನ ಮಾತು ನಿಂತುಹೋಗಿತ್ತು. ಕಣ್ಣು ಮಾತ್ರ ಇದ್ದವು.

ಆ ಕಣ್ಣುಗಳ ಮುಂದೆ ನಿಂತು ವಾಣಿಶ್ರೀ ಎಲ್ಲ ಹೇಳಿದಳು. ಜಾರು ತೆಗೆದದ್ದು. ತಟ್ಟೆಗೆ ಬೈದದ್ದು. ಫೋನಿನಲ್ಲಿ ಸುಳ್ಳಾಡಿದ್ದು. ಒಂದನ್ನೂ ಬಿಡಲಿಲ್ಲ.

"ಯಾಕಂತ ಕೇಳಬ್ಯಾಡ್ರಿ... ಇಲ್ಲ, ಅದನ್ನೂ ಹೇಳ್ತೇನಿ. ನೀವು ಬ್ಯಾರೆಯವರನ್ನ ಪ್ರೀತಿ ಮಾಡ್ತೀರಿ ಅಂತ ತಿಳದು ಹೊಟ್ಟಿಕಿಚ್ಚ ಆತು. ತಡಕೊಳ್ಳಾಕ ಆಗ್ಲಿಲ್ಲ."

ಭೀಮೇಶ ಅವಳನ್ನೇ ನೋಡಿದ. ಬಹಳ ಹೊತ್ತು ನೋಡಿದ.

ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

ಅವಳು, ನಿಶಾತ ತೆಗೆದ ಹೊಸ ಕಡ್ಡಿಯನ್ನು ಬಾಟಲಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಎರಡೂ ಅಂಗೈಯಲ್ಲಿ ಹಿಡಿದು ಹೊರಟಳು.

"ಈಗ ಎಲ್ಲಾರಿಗೂ ಕೊಡೂ ಗುಳಿಗಿನ ಶುರು ಮಾಡತೇನಿ," ಅಂದಳು ನಿಶಾತ. "ಊತ ಇಳೀದಿದ್ರ, ಜ್ವರ ಏರಿದ್ರ ಹುಬ್ಬಳ್ಳಿಗೆ ಒಯ್ಯೂದ. ನಿನ್ನ ಪರೀಕ್ಷಾ ಜಲ್ದಿ ಆಗ್ಲಿ, ತಂಗಿ."

*

ಜಾರು ಮತ್ತೆ ಮೂಲೆಯಲ್ಲಿ ಕೂತಿತು. ವೇಳೆ ಇರಲಿಲ್ಲವಾದ್ದರಿಂದ ಈ ಸಲ ಔಷಧದ ಬಿಲ್ಲೆಗಳನ್ನೂ ಕೂಡಲೇ ಇಟ್ಟಿದ್ದಳು.

ಅವಳು ಗೈಡ್ ಸರ್‌ಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡಳು. ಅವರು ಕೇಳಿದರು, ಕೆಮ್ಮಿದರು, ಹೇಳಿದರು:

"ಆ ಫಲಿತಾಂಶ ತಗದ ಹಾಕು. ಇನ್ನೊಮ್ಮೆ ಹಿಂಗಾದ್ರ ನಿನ್ನ ತಗದ ಹಾಕ್ತೇನಿ."

ಮುಂಡರಗಿಯಿಂದ ಮಮತಾ ದಿನಾ ಖಬರು ತರುತ್ತಿದ್ದಳು. "ಊತ ಇಳಿದಿಲ್ಲಂತ ಅಕ್ಕಾ." ಮರುದಿನ, "ಜ್ವರಾ ಹಂಗ ಐತಂತ."

ಪ್ರತಿ ಮಾತಿಗೂ ವಾಣಿಶ್ರೀಯ ಕೈ ಜಾರಿನ ಕಡೆ ಹೋಗುತ್ತಿತ್ತು. ಬೇಗ ನೋಡಬೇಕು, ಬೇಗ ಔಷಧ ಹೇಳಬೇಕು... ಅಂದು ದ್ವೇಷದಿಂದ ತೆಗೆದ ಮುಚ್ಚಳವನ್ನು ಇಂದು ಪ್ರೀತಿಯಿಂದ ತೆಗೆಯಬೇಕು ಅನ್ನಿಸುತ್ತಿತ್ತು. ಕ್ರಿಮಿಗಳಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅವು ಎರಡಕ್ಕೂ ಸಾಯುತ್ತವೆ.

ಅವಳು ತೆಗೆಯಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕಾದಳು.

ವೇಳೆಗೆ ಸರಿಯಾಗಿ ತೆಗೆದಾಗ ತಟ್ಟೆಯ ತುಂಬ ಕ್ರಿಮಿ! ಎಲ್ಲರೂ ನುಂಗುವ, ಈಗ ಭೀಮೇಶನಿಗೂ ಕೊಟ್ಟಿದ್ದ ಆ ಗುಳಿಗೆಯ ಬಿಲ್ಲೆಯ ಅಂಚಿಗೇ ಅವು ಒತ್ತಿಕೊಂಡು ಬೆಳೆದಿದ್ದವು, ಮದುವೆ ಪಂಕ್ತಿಯಲ್ಲಿ ಜಾಗ ಹಿಡಿದವರಂತೆ. ಇನ್ನೊಂದು ಬಿಲ್ಲೆಯ ಸುತ್ತ ಮಾತ್ರ ಒಂದೂ ಸುಳಿದಿರಲಿಲ್ಲ. ಅಗಲವಾದ ಬಯಲು.

ಅವಳು ಎರಡು ಸಲ ಅಳೆದಳು. ಕೂಡಲೇ ನಿಶಾತಳಿಗೆ ಫೋನ್ ಮಾಡಿದಳು.

"ಈ ಗುಳಿಗಿ ಬಿಡಸ್ರಿ! ಇದಕ್ಕ ಅವು ಜಗ್ಗೂದಿಲ್ಲ. ನಾ ಹೇಳೂದನ್ನ ಕೊಡ್ರಿ..."

ಗುಳಿಗೆ ಬದಲಾಯಿತು. ಜ್ವರ ಬಿಟ್ಟಿತು. ಕುಂಬಳಕಾಯಿ ಬದನೆಕಾಯಿಯಾಗಿ, ಬದನೆಕಾಯಿ ಮತ್ತೆ ಗಲ್ಲವಾಯಿತು. ಮಮತಾ ಎಲ್ಲ ವರದಿ ಮಾಡಿದಳು.

ಆದರೆ ಅವನಿಂದ ಒಂದು ಮಾತೂ ಬರಲಿಲ್ಲ.

'ಗೋಡಿ ಕಡೆ ಮಾರಿ ತಿರುಗಿಸಿದ್ನಲ್ಲ. ಅದ ಅವನ ಉತ್ತರ. ನನ್ನಂಥಾಕಿಗೆ ಅದ ಸರಿ.'

ಹೀಗೆ ಅಂದುಕೊಂಡವಳು ಸುಮ್ಮನೆ ಮನೆಯಲ್ಲಿರಬೇಕು ತಾನೆ? ಅವಳು ಲಕ್ಷ್ಮೇಶ್ವರದ ಬಸ್ ಹತ್ತಿದಳು.

*

ಸಂಜೆಯ ಕೊನೆಯ ರೋಗಿ ಹೊರಟುಹೋಗಿದ್ದ. ಭೀಮೇಶ ಬೇಸಿನ್‌ನಲ್ಲಿ ಕೈ ತೊಳೆಯುತ್ತಿದ್ದ. ಕನ್ನಡಿಯಲ್ಲಿ ಅವಳು ಕಂಡಳು. ನಲ್ಲಿ ನಿಲ್ಲಿಸುವುದನ್ನು ಮರೆತ.

"ಬರ್ರಿ. ಕುಂಡ್ರಿ."

ಕೂರಲು ರೋಗಿಯ ಕುರ್ಚಿ ಬಿಟ್ಟು ಬೇರೆ ಇರಲಿಲ್ಲ. ಅವಳು ಅದರ ಅಂಚಿಗೆ ಕೂತಳು.

"ನಾ ಕ್ಷಮಾ ಕೇಳಾಕ ಬಂದಿಲ್ಲ," ಅಂದಳು. "ಕೇಳೂ ಮುಖಾ ಇಲ್ಲ. ನೀವು ಆರಾಮ ಆದ್ರಿಲ್ಲೋ ಒಮ್ಮೆ ನೋಡಿ ಹೋಗೂಣಂತ..."

"ಸಿಟ್ಟ ಬಂದಿತ್ತು," ಅಂದ ಅವನು. "ಸುಳ್ಳ್ಯಾಕ ಹೇಳ್ಲಿ? ನಂದಲ್ಲ, ಬ್ಯಾರೆ ಪೇಶಂಟ್ ಇದ್ದಿದ್ರ ಅಂತ ನೆನಸಿ ಭಾಳ ಸಿಟ್ಟ ಬಂದಿತ್ತು."

"ಬರಬೇಕ್ರಿ."

"ಆಮ್ಯಾಲೆ ನಿಶಾತ ಹೇಳಿದ್ಳು. ನೀವ ನಿಮ್ಮ ಸರ್‌ಗೆ ಫೋನ್ ಹಚ್ಚಿ ಒಪ್ಪಿಕೊಂಡ್ರಂತ. ಮುಚ್ಚಿಡಬಹುದಿತ್ತು. ಇಡ್ಲಿಲ್ಲ."

ಅವನು ನಲ್ಲಿ ನಿಲ್ಲಿಸಿದ. ಕೋಣೆ ತಟ್ಟನೆ ಶಾಂತವಾಯಿತು.

"ಮತ್ತ ಇಷ್ಟ ದಿನಾ ಒಂದು ಮಾತೂ ಯಾಕ ಆಡ್ಲಿಲ್ಲ?" ಅವಳ ದನಿ ಒಡೆಯಿತು. "ಗೋಡಿ ಕಡೆ ಮಾರಿ ತಿರುಗಿಸಿದ್ರೆಲ್ಲಾ, ನಾ ಅವತ್ತಿಂದ..."

"ಕಣ್ಣಾಗ ನೀರು ಬಂದಿತ್ತಲಾ, ಹುಚ್ಚಿ!" ಅಂದ ಭೀಮೇಶ. "ಹೊಟ್ಟಿಕಿಚ್ಚ ಆತು ಅಂದಿ. ನಾ ಬಾಯಿ ತುಂಬ ಹತ್ತಿ ತುಂಬ್ಕೊಂಡು ಬಿದ್ದೇನಿ. ನಗಾಕ ಬರಂಗಿಲ್ಲ, ಅಳಾಕ ಬರಂಗಿಲ್ಲ. ಅಂಥಾ ಮಾತ ಹೇಳಾಕ ಬ್ಯಾರೆ ವ್ಯಾಳ್ಯಾನ ಸಿಗ್ಲಿಲ್ಲೇನು ನಿನಗ?"

ನಿನಗ... ಮೊದಲ ಸಲ 'ನಿನಗ' ಅಂದ!

"ಫೋನ್ ಹಚ್ಚಿದ್ದೆ," ಅವನು ದನಿ ತಗ್ಗಿಸಿದ. "ನಂಬರ್ ಒತ್ತೂದು, ಕಟ್ ಮಾಡೂದು. ಏನಂತ ಹೇಳ್ಲಿ? ಸ್ಯಾಂಪಲ್ ಐತಿ ಅಂದ್ರ ಬೆಟಗೇರಿಗೆ ಬರಾಕ ಧೈರ್ಯಾ. ಬರೇಗೈಲೇ ಬರಾಕ... ಸೂಜಿಗಿಂತ ಹೆಚ್ಚ ಹೆದರಿಕಿ ಆತು ನೋಡು."

ವಾಣಿಶ್ರೀ ಅಳುತ್ತಿದ್ದಳು. ಜೊತೆಗೆ ನಗುವೂ ಬಂತು. ಎರಡೂ ಒಂದೇ ಹೊತ್ತಿಗೆ ಬಂದರೆ ಮೂಗು ಬಹಳ ಕೆಂಪಾಗುತ್ತದೆ. ಅವನಿಗೆ ಆ ಮೂಗು ಚಂದ ಕಂಡಿತು. ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಅವನು ಹತ್ತಿರ ಬಂದು ಸ್ಟೂಲು ಎಳೆದುಕೊಂಡು ಕೂತ. ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಒಂದ ಕೇಳಲೇನು, ವಾಣಿ? ಅಷ್ಟ ಹೊಟ್ಟಿಕಿಚ್ಚ ಪಟ್ಟೆಲ್ಲ... ಕಡೀಕ ಯಾರ ಮ್ಯಾಲೆ ಪಟ್ಟಂಗಾತು?"

ಅವಳು ತಲೆ ತಗ್ಗಿಸಿದಳು.

"ನಿಮ್ಮ ಹಲ್ಲಿನ ಮ್ಯಾಲೆ."

"ಹಂಗಾರ ನಿನ್ನ ಸಲುವಾಗಿ ಕಿತ್ತ ಹಾಕಸ್ಲೇನು ಅದನ್ನ?"

"ಬ್ಯಾಡ..." ಅವಳು ಮೆಲ್ಲಗೆ ಕೈ ಎತ್ತಿ ಊತ ಇಳಿದ ಆ ಗಲ್ಲವನ್ನು ಮುಟ್ಟಿದಳು. "ಇರ್ಲಿ. ನಾ ಹೊಂದ್ಕೊಂಡ ಹೋಗ್ತೇನಿ."